ಔಟ್‌ಲುಕ್ ಬಿಡಲೊಲ್ಲದ ಕಚೇರಿಗೆ ಮುಕ್ತ ಗ್ರೂಪ್‌ವೇರ್ ಆಯ್ದುಕೊಳ್ಳುವ ಕ್ರಮ

ಮಂಗಳೂರಿನ ಬಂದರಿನ ಸಗಟು ಮಳಿಗೆಯಾಗಲಿ, ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯಾಗಲಿ, ಉಡುಪಿಯ ಲೆಕ್ಕಪರಿಶೋಧಕರ ಕಚೇರಿಯಾಗಲಿ, ಹತ್ತರಿಂದ ಮೂವತ್ತು ಮಂದಿ ಕೆಲಸ ಮಾಡುವ ಸಂಸ್ಥೆಗಳಲ್ಲಿ ಇಮೇಲಿನ ಸ್ಥಿತಿ ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ. ಎಲ್ಲರ ಮೇಜಿನ ಮೇಲೂ ಮೈಕ್ರೋಸಾಫ್ಟ್ ಔಟ್‌ಲುಕ್ ಇರುತ್ತದೆ. ಡೊಮೇನ್ ಮಾರಿದವರೇ ಜೊತೆಗೆ ಕೊಟ್ಟ ಅಗ್ಗದ ಪಾಪ್ ಖಾತೆಗಳಿಗೆ ಅದನ್ನು ಜೋಡಿಸಿರುತ್ತಾರೆ. ಹತ್ತು ಹನ್ನೆರಡು ವರ್ಷಗಳ ಪತ್ರಗಳು ಆಯಾ ಕಂಪ್ಯೂಟರಿನ ಪಿಎಸ್‌ಟಿ ಕಡತದಲ್ಲಿ ಕುಳಿತಿರುತ್ತವೆ, ಮತ್ತು ಆ ಕಡತ ಎಲ್ಲಿದೆಯೆಂಬುದು ಅದನ್ನು ಬಳಸುವವರಿಗೇ ತಿಳಿದಿರುವುದಿಲ್ಲ. ಆಫೀಸ್ 2016 ಮತ್ತು 2019, ಎಕ್ಸ್‌ಚೇಂಜ್ ಎಂಬ ಮೇಲ್ ಸರ್ವರಿನ 2016 ಮತ್ತು 2019ರ ಆವೃತ್ತಿಗಳು, ಇವೆಲ್ಲಕ್ಕೂ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ತಲೆಗಿಷ್ಟು ಎಂದು ತಿಂಗಳ ಚಂದಾ ಕಟ್ಟುವುದೋ, ಮುಕ್ತ (ಓಪನ್ ಸೋರ್ಸ್) ತಂತ್ರಾಂಶದತ್ತ ಹೊರಳುವುದೋ ಎಂಬ ಪ್ರಶ್ನೆಯನ್ನು ಇಂಥ ಕಚೇರಿಗಳು ಇನ್ನು ಮುಂದೂಡುವಂತಿಲ್ಲ.

ಮುಕ್ತ ತಂತ್ರಾಂಶದ ಮಾತು ಬಂದೊಡನೆ ಯಾರಾದರೊಬ್ಬರು ಗ್ರೂಪ್‌ವೇರ್‌ಗಳ, ಅಂದರೆ ಪತ್ರ, ಕ್ಯಾಲೆಂಡರ್, ವಿಳಾಸಪಟ್ಟಿಗಳನ್ನು ಇಡೀ ಕಚೇರಿಗೆ ಒಟ್ಟಾಗಿ ಒದಗಿಸುವ ತಂತ್ರಾಂಶಗಳ, ಹೆಸರುಗಳ ಪಟ್ಟಿಯನ್ನು ಮುಂದಿಡುತ್ತಾರೆ: ಜಿಂಬ್ರಾ, ಸೋಗೋ, ಕೋಲಾಬ್, ನೆಕ್ಸ್ಟ್‌ಕ್ಲೌಡ್, ಗ್ರೋಮ್ಯೂನಿಯೊ, ಈಗ್ರೂಪ್‌ವೇರ್. ಪಟ್ಟಿಯಿಂದ ಆರಂಭಿಸಿದವರು ಸಾಮಾನ್ಯವಾಗಿ ಸೌಲಭ್ಯಗಳ ಕೋಷ್ಟಕವನ್ನು ಹೋಲಿಸುತ್ತ ಕುಳಿತು, ಕೊನೆಗೆ ಚೆಂದದ ವೆಬ್‌ಮೇಲ್ (ಬ್ರೌಸರಿನಲ್ಲೇ ಪತ್ರ ನೋಡುವ ಪುಟ) ಇರುವುದನ್ನು ಆರಿಸಿಕೊಳ್ಳುತ್ತಾರೆ. ಅನುಸ್ಥಾಪನೆಯಾದ ಮೂರನೆಯ ದಿನ ಔಟ್‌ಲುಕ್‌ನಲ್ಲಿ ಕ್ಯಾಲೆಂಡರ್ ಕಾಣುತ್ತಿಲ್ಲವೆಂಬ ದೂರು ಬರುತ್ತದೆ. ಔಟ್‌ಲುಕ್ ಉಳಿಯಲೇಬೇಕಾದ ಕಚೇರಿಯಲ್ಲಿ ಆಯ್ಕೆಯನ್ನು ತೀರ್ಮಾನಿಸುವುದು ಸರ್ವರಿನ ಅಂದವಲ್ಲ, ಆ ಸರ್ವರ್ ಮತ್ತು ನಿಮ್ಮಲ್ಲಿರುವ ಔಟ್‌ಲುಕ್ ಆವೃತ್ತಿ ಪರಸ್ಪರ ಯಾವ ಪ್ರೋಟೊಕಾಲ್‌ನಲ್ಲಿ, ಅಂದರೆ ಯಾವ ಸಂವಹನ ನಿಯಮದಲ್ಲಿ, ಮಾತನಾಡಬಲ್ಲವು ಎಂಬುದು. ಅದಕ್ಕೂ ಮೊದಲು, ಔಟ್‌ಲುಕ್ ನಿಜಕ್ಕೂ ಯಾರಿಗೆ ಬೇಕು ಎಂಬುದು ಸ್ಪಷ್ಟವಾಗಬೇಕು.

ಮೊದಲ ವಾರ: ಅಭ್ಯಾಸಗಳ ಲೆಕ್ಕ

ಯಾವ ತಂತ್ರಾಂಶವನ್ನೂ ಇಳಿಸಿಕೊಳ್ಳುವ ಮೊದಲು ಒಂದು ವಾರ ಕಚೇರಿಯಲ್ಲಿ ಕುಳಿತು, ಪ್ರತಿಯೊಬ್ಬರೂ ಔಟ್‌ಲುಕ್‌ನಲ್ಲಿ ಏನು ಮಾಡುತ್ತಾರೆಂದು ಬರೆದುಕೊಳ್ಳಿ. ಕೇಳಿದರೆ ಎಲ್ಲರೂ ‘ಮೇಲ್ ನೋಡುತ್ತೇವೆ’ ಎಂದೇ ಹೇಳುತ್ತಾರೆ. ಪಕ್ಕದಲ್ಲಿ ಕುಳಿತು ನೋಡಿದಾಗ ಬೇರೆಯೇ ಸಂಗತಿಗಳು ಹೊರಬೀಳುತ್ತವೆ. ರಫ್ತು ವಿಭಾಗದವರು ವರ್ಡ್‌ನ ಮೇಲ್ ಮರ್ಜ್ ಮೂಲಕ ನೂರು ಗ್ರಾಹಕರಿಗೆ ದರಪಟ್ಟಿ ಕಳುಹಿಸುತ್ತಿರುತ್ತಾರೆ. ‘ಸೇಲ್ಸ್’ ಎಂಬ ಒಂದೇ ಖಾತೆಯನ್ನು ನಾಲ್ವರು ಒಂದೇ ಪಾಸ್‌ವರ್ಡಿನಿಂದ ತೆರೆದು, ಯಾರು ಯಾವುದಕ್ಕೆ ಉತ್ತರಿಸಿದರೆಂದು ಕೂಗಿ ಕೇಳಿ ತಿಳಿದುಕೊಳ್ಳುತ್ತಿರುತ್ತಾರೆ. ಟ್ಯಾಲಿ ಲೆಕ್ಕಪತ್ರ ತಂತ್ರಾಂಶದಿಂದ ಬಿಲ್ಲುಗಳು ನೇರವಾಗಿ ಇಮೇಲಿಗೆ ಹೋಗುತ್ತಿರುತ್ತವೆ, ಮೂಲೆಯಲ್ಲಿರುವ ಸ್ಕ್ಯಾನರ್ ಕೂಡ ಅದೇ ಖಾತೆಯ ಗುಪ್ತಪದ ಬಳಸುತ್ತಿರುತ್ತದೆ. ಯಜಮಾನರ ಫೋನಿನ ಕ್ಯಾಲೆಂಡರಿಗೂ ಕಂಪ್ಯೂಟರಿನ ಕ್ಯಾಲೆಂಡರಿಗೂ ಸಂಬಂಧವೇ ಇರುವುದಿಲ್ಲ.

ವಿಳಾಸಪಟ್ಟಿಯ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಅನೇಕರು ಔಟ್‌ಲುಕ್‌ನ ಕಾಂಟ್ಯಾಕ್ಟ್ಸ್ ವಿಭಾಗವನ್ನು ಒಮ್ಮೆಯೂ ತೆರೆದಿರುವುದಿಲ್ಲ. ಎರಡಕ್ಷರ ಒತ್ತಿದೊಡನೆ ಕೆಳಗೆ ಮೂಡುವ ಹೆಸರುಗಳೇ ಅವರ ವಿಳಾಸಪಟ್ಟಿ. ಆ ಸಲಹೆಗಳು ಹಳೆಯ ಖಾತೆಯ ಪ್ರೊಫೈಲ್‌ಗೆ ಅಂಟಿಕೊಂಡಿರುವುದರಿಂದ ಹೊಸ ಪ್ರೊಫೈಲ್ ಮಾಡಿದ ಕ್ಷಣದಲ್ಲಿ ಕಾಣೆಯಾಗುತ್ತವೆ. ನಾನು ನೋಡಿರುವ ಸ್ಥಳಾಂತರಗಳಲ್ಲೆಲ್ಲ ಮೊದಲ ದಿನದ ಗದ್ದಲ ಪತ್ರಗಳು ಬರಲಿಲ್ಲವೆಂದಲ್ಲ, ‘ಹೆಸರು ಬರುವುದಿಲ್ಲ’ ಎಂದು. ಆದ್ದರಿಂದ ಈ ಹೆಸರುಗಳನ್ನು ಮುಂಚಿತವಾಗಿಯೇ ಸರಿಯಾದ ಕಾಂಟ್ಯಾಕ್ಟ್‌ಗಳಾಗಿ ಉಳಿಸಿಕೊಳ್ಳುವುದು ಈ ವಾರದ ಕೆಲಸವೇ ಹೊರತು ಕೊನೆಯ ದಿನದ್ದಲ್ಲ.

ಪಿಎಸ್‌ಟಿ ಕಡತಗಳ ಗಾತ್ರವನ್ನೂ ಬರೆದಿಟ್ಟುಕೊಳ್ಳಿ. ಔಟ್‌ಲುಕ್ 2002 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳು ಮಾಡಿದ ಕಡತಗಳಿಗೆ 2 ಜಿಬಿ ಮಿತಿಯಿತ್ತು. 2003 ಮತ್ತು 2007ರಲ್ಲಿ ಅದು 20 ಜಿಬಿಗೂ, 2010ರಿಂದೀಚೆಗೆ 50 ಜಿಬಿಗೂ ಏರಿತು. ಮಿತಿಯ ಅಂಚಿಗೆ ಬಂದ ಕಡತಗಳು ಕೆಡುವ ಸಂಭವ ಹೆಚ್ಚು. ಇದರ ಜೊತೆಗೆ, ಹಂಚಿಕೆಯ ಡ್ರೈವ್‌ನಲ್ಲಿ ಪಿಎಸ್‌ಟಿ ಇಟ್ಟು ಜಾಲದ ಮೂಲಕ ತೆರೆಯುವ ರೂಢಿ ನಮ್ಮಲ್ಲಿ ಧಾರಾಳವಾಗಿದೆ; ಅದನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ.

ಈ ಲೆಕ್ಕ ಮುಗಿದಾಗ ಒಂದು ಸಂಗತಿ ಗೋಚರಿಸುತ್ತದೆ. ಹದಿನೈದು ಮಂದಿಯ ಕಚೇರಿಯಲ್ಲಿ ಔಟ್‌ಲುಕ್ ಇಲ್ಲದೆ ಕೆಲಸ ನಿಲ್ಲುವುದು ಮೂವರಿಗೋ ನಾಲ್ವರಿಗೋ ಮಾತ್ರ. ಉಳಿದವರು ಅದನ್ನು ಬಳಸುತ್ತಿರುವುದು ಕಂಪ್ಯೂಟರ್ ಬಂದಾಗ ಅದಿತ್ತು ಎಂಬ ಕಾರಣಕ್ಕೆ. ಅವರನ್ನು ವೆಬ್‌ಮೇಲ್‌ಗೋ ಥಂಡರ್‌ಬರ್ಡ್ ಎಂಬ ಉಚಿತ ಮೇಲ್ ತಂತ್ರಾಂಶಕ್ಕೋ ಒಗ್ಗಿಸಿದರೆ, ದುಬಾರಿಯಾದ ಮತ್ತು ಕಠಿಣವಾದ ಹೊಂದಾಣಿಕೆಯ ಪ್ರಶ್ನೆ ಆ ನಾಲ್ವರಿಗಷ್ಟೇ ಸೀಮಿತವಾಗುತ್ತದೆ. ಥಂಡರ್‌ಬರ್ಡ್‌ನ ಈಗಿನ ಆವೃತ್ತಿಗಳಲ್ಲಿ ಕ್ಯಾಲೆಂಡರ್ ಒಳಗೇ ಇದೆ, ಸರ್ವರಿನ ವಿಳಾಸಪಟ್ಟಿಯನ್ನೂ ಅದು ನೇರವಾಗಿ ಓದುತ್ತದೆ.

ಔಟ್‌ಲುಕ್ ಆಡುವ ಭಾಷೆಗಳು

ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಒಂದೇ ಓಣಿಯಲ್ಲಿ ಕೇಳಿಸುವ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಎದುರಿನವರ ಭಾಷೆ ಬಂದರೆ ವ್ಯಾಪಾರ ನಡೆಯುತ್ತದೆ. ಅರ್ಧ ಬಂದರೆ ದರ ಕುದುರುತ್ತದೆ, ಹರಟೆ ನಡೆಯುವುದಿಲ್ಲ. ಬಾರದೆ ಇದ್ದರೆ ದುಭಾಷಿಯೊಬ್ಬ ಬೇಕು. ಔಟ್‌ಲುಕ್ ಮತ್ತು ಸರ್ವರಿನ ನಡುವೆಯೂ ಹೀಗೆಯೇ.

ಪಾಪ್ ಪತ್ರಗಳನ್ನು ಒಂದು ಕಂಪ್ಯೂಟರಿಗೆ ಇಳಿಸಿಕೊಡುವುದನ್ನು ಬಿಟ್ಟು ಬೇರೇನನ್ನೂ ಮಾಡದು. ಅದನ್ನು ಇಲ್ಲಿಗೇ ಬಿಡೋಣ. ಐಮ್ಯಾಪ್‌ನಲ್ಲಿ ಪತ್ರಗಳು ಸರ್ವರಿನಲ್ಲೇ ಉಳಿದು, ಫೋನ್, ವೆಬ್‌ಮೇಲ್, ಔಟ್‌ಲುಕ್ ಎಲ್ಲದರಲ್ಲೂ ಒಂದೇ ಬಗೆಯಾಗಿ ಕಾಣುತ್ತವೆ. ಆದರೆ ಐಮ್ಯಾಪ್ ಪತ್ರಗಳ ಭಾಷೆ ಮಾತ್ರ. ಔಟ್‌ಲುಕ್‌ಗೆ ಐಮ್ಯಾಪ್ ಖಾತೆ ಸೇರಿಸಿದಾಗ ಅದು ಒಂದು ಕ್ಯಾಲೆಂಡರನ್ನೂ ತೋರಿಸುತ್ತದೆ, ಅದರ ಪಕ್ಕದಲ್ಲಿ ಈ ಕಂಪ್ಯೂಟರಿನಲ್ಲಿ ಮಾತ್ರ ಎಂಬರ್ಥದ ಸಣ್ಣ ಸೂಚನೆಯಿರುತ್ತದೆ. ಆ ಸೂಚನೆಯನ್ನು ಯಾರೂ ಓದುವುದಿಲ್ಲ. ಬಂದರಿನ ಒಂದು ಕಚೇರಿಯಲ್ಲಿ ಎರಡು ವರ್ಷಗಳ ಹಡಗು ವೇಳಾಪಟ್ಟಿ ಹೀಗೆ ಒಂದೇ ಯಂತ್ರದಲ್ಲಿ ಶೇಖರವಾಗಿ, ಮೇ ತಿಂಗಳ ಒಂದು ಸಂಜೆ ಬಡಿದ ಸಿಡಿಲಿಗೆ ಆ ಯಂತ್ರದ ಜೊತೆಗೇ ಹೋದದ್ದನ್ನು ನಾನು ಕಂಡಿದ್ದೇನೆ. ಸರ್ವರ್ ಸುರಕ್ಷಿತವಾಗಿತ್ತು, ಪತ್ರಗಳು ಒಂದೂ ಹೋಗಲಿಲ್ಲ. ಕ್ಯಾಲೆಂಡರ್ ಸರ್ವರಿಗೆ ಬಂದೇ ಇರಲಿಲ್ಲ.

ಮುಕ್ತ ಜಗತ್ತಿನಲ್ಲಿ ಕ್ಯಾಲೆಂಡರಿನ ಭಾಷೆ ಕ್ಯಾಲ್‌ಡ್ಯಾವ್, ವಿಳಾಸಪಟ್ಟಿಯದ್ದು ಕಾರ್ಡ್‌ಡ್ಯಾವ್. ಮೊದಲನೆಯದು 2007ರಲ್ಲಿ, ಎರಡನೆಯದು 2011ರಲ್ಲಿ ಅಂತರಜಾಲದ ಮಾನದಂಡಗಳಾಗಿ ಪ್ರಕಟವಾದವು. ಐಫೋನ್, ಥಂಡರ್‌ಬರ್ಡ್ ಇವನ್ನು ಸರಾಗವಾಗಿ ಆಡುತ್ತವೆ. ಆಂಡ್ರಾಯ್ಡ್ ಫೋನಿಗೆ ಡ್ಯಾವ್‌ಎಕ್ಸ್‌5ನಂಥ ಒಂದು ಆ್ಯಪ್ ಬೇಕಾಗುತ್ತದೆ. ವಿಂಡೋಸ್‌ನ ಔಟ್‌ಲುಕ್‌ಗೆ ಮಾತ್ರ ಇವೆರಡೂ ಹುಟ್ಟಿನಿಂದ ಬರುವುದಿಲ್ಲ. ಇಲ್ಲಿ ದುಭಾಷಿಯ ಕೆಲಸ ಮಾಡುವುದು ಔಟ್‌ಲುಕ್ ಕ್ಯಾಲ್‌ಡ್ಯಾವ್ ಸಿಂಕ್ರನೈಸರ್ ಎಂಬ ಉಚಿತ, ಮುಕ್ತ ಪ್ಲಗಿನ್, ಅಂದರೆ ಔಟ್‌ಲುಕ್‌ಗೆ ಸೇರಿಸುವ ಪುಟ್ಟ ತಂತ್ರಾಂಶ. ಕ್ಯಾಲೆಂಡರ್, ವಿಳಾಸ, ಕಾರ್ಯಪಟ್ಟಿ ಮೂರನ್ನೂ ಅದು ಎರಡೂ ಕಡೆಗೆ ಹೊಂದಿಸುತ್ತದೆ. ಪ್ರತಿ ಕಂಪ್ಯೂಟರಿನಲ್ಲೂ ಬೇರೆ ಬೇರೆಯಾಗಿ ಸ್ಥಾಪಿಸಿ ಹೊಂದಿಸಬೇಕು, ಔಟ್‌ಲುಕ್ ನವೀಕರಣವಾದಾಗ ಪ್ಲಗಿನ್ ಇನ್ನೂ ಚಾಲನೆಯಲ್ಲಿದೆಯೇ ಎಂದು ನೋಡಬೇಕು. ನಾಲ್ಕು ಯಂತ್ರಗಳಿಗೆ ಇದು ಸಹ್ಯ; ನಲವತ್ತಕ್ಕೆ ಹೊರೆ.

ಮೂರನೆಯದು ಎಕ್ಸ್‌ಚೇಂಜ್ ಆಕ್ಟಿವ್‌ಸಿಂಕ್. ಫೋನುಗಳಿಗಾಗಿ ರೂಪುಗೊಂಡ ಈ ಪ್ರೋಟೊಕಾಲನ್ನು ಔಟ್‌ಲುಕ್ 2013ರಿಂದ ಡೆಸ್ಕ್‌ಟಾಪಿನಲ್ಲೂ ಬಳಸಬಹುದು. ಪತ್ರ, ಕ್ಯಾಲೆಂಡರ್, ವಿಳಾಸ ಮೂರೂ ಒಂದೇ ಖಾತೆಯ ಮೂಲಕ ಬರುತ್ತವೆ, ಪ್ಲಗಿನ್ ಬೇಕಿಲ್ಲ. ಇದು ಅರ್ಧ ಬಂದ ಭಾಷೆಯ ಉದಾಹರಣೆ: ನಿಮ್ಮ ಸ್ವಂತ ಕ್ಯಾಲೆಂಡರ್ ಚೆನ್ನಾಗಿ ನಡೆಯುತ್ತದೆ, ಸಹೋದ್ಯೋಗಿಯ ಕ್ಯಾಲೆಂಡರನ್ನು ಔಟ್‌ಲುಕ್ ಒಳಗೆ ಪಕ್ಕಕ್ಕಿಟ್ಟು ನೋಡುವುದು, ಯಜಮಾನರ ಪರವಾಗಿ ಕಾರ್ಯದರ್ಶಿ ಆಹ್ವಾನ ಕಳುಹಿಸುವುದು ಮುಂತಾದ ಹಂಚಿಕೆಯ ಕೆಲಸಗಳು ಆಗುವುದಿಲ್ಲ. ಅವಕ್ಕೆ ವೆಬ್‌ಮೇಲ್ ತೆರೆಯಬೇಕು.

ನಾಲ್ಕನೆಯದು ಮ್ಯಾಪಿ, ಔಟ್‌ಲುಕ್‌ನ ಮಾತೃಭಾಷೆ. ಎಕ್ಸ್‌ಚೇಂಜ್ ಸರ್ವರಿನೊಡನೆ ಅದು ಮಾತನಾಡುವುದು ಇದರಲ್ಲಿಯೇ. ಮ್ಯಾಪಿ ಬಲ್ಲ ಮುಕ್ತ ಸರ್ವರ್ ಸಿಕ್ಕಿದರೆ ಔಟ್‌ಲುಕ್‌ಗೆ ಎದುರಿಗಿರುವುದು ಎಕ್ಸ್‌ಚೇಂಜ್ ಅಲ್ಲವೆಂಬುದೇ ತಿಳಿಯದು. ಹಂಚಿಕೆಯ ಕ್ಯಾಲೆಂಡರ್, ಪ್ರತಿನಿಧಿತ್ವ (ಇನ್ನೊಬ್ಬರ ಪರವಾಗಿ ಕಳುಹಿಸುವುದು), ಸಾರ್ವಜನಿಕ ಫೋಲ್ಡರ್ ಎಲ್ಲವೂ ನಡೆಯುತ್ತವೆ.

ಹೊಸ ಔಟ್‌ಲುಕ್ ಎಂಬ ತೊಡಕು

ಮೇಲಿನದೆಲ್ಲವೂ ಈಗ ‘ಕ್ಲಾಸಿಕ್’ ಎಂದು ಕರೆಸಿಕೊಳ್ಳುತ್ತಿರುವ ಹಳೆಯ ಔಟ್‌ಲುಕ್‌ಗೆ ಅನ್ವಯಿಸುವ ಮಾತು. ವಿಂಡೋಸ್‌ನ ಹಳೆಯ ಮೇಲ್ ಆ್ಯಪ್ 2024ರ ಕೊನೆಗೆ ನಿಂತ ಮೇಲೆ ಅದರ ಜಾಗದಲ್ಲಿ ಬಂದಿರುವ ‘ಹೊಸ ಔಟ್‌ಲುಕ್’ ಹೆಸರಿನಲ್ಲಷ್ಟೇ ಕ್ಲಾಸಿಕ್ ಔಟ್‌ಲುಕ್‌ನ ಬಂಧು. ಕ್ಯಾಲ್‌ಡ್ಯಾವ್ ಸಿಂಕ್ರನೈಸರ್‌ನಂಥ ಹಳೆಯ ಬಗೆಯ ಪ್ಲಗಿನ್‌ಗಳು ಅದರಲ್ಲಿ ಓಡುವುದಿಲ್ಲ. ಸಂಸ್ಥೆಯ ಸ್ವಂತ ಸರ್ವರಿನಲ್ಲಿರುವ ಎಕ್ಸ್‌ಚೇಂಜನ್ನೇ ಅದು ಬೆಂಬಲಿಸುವುದಿಲ್ಲವಾದ್ದರಿಂದ, ಎಕ್ಸ್‌ಚೇಂಜಿನಂತೆ ವರ್ತಿಸುವ ಮುಕ್ತ ಸರ್ವರುಗಳಿಗೂ ಅಲ್ಲಿ ಸ್ಥಾನವಿಲ್ಲ. ಐಮ್ಯಾಪ್ ಖಾತೆ ಸೇರಿಸಬಹುದು. ಆದರೆ ಆಗ ನಿಮ್ಮ ಪತ್ರಗಳ ಪ್ರತಿ ಮೈಕ್ರೋಸಾಫ್ಟ್‌ನ ಕ್ಲೌಡ್ ಮೂಲಕ ಹಾದುಬರುತ್ತದೆ. ದತ್ತಾಂಶ ತಮ್ಮ ಹತೋಟಿಯಲ್ಲಿರಲಿ ಎಂದು ಸ್ವಂತ ಸರ್ವರ್ ಕಟ್ಟಿದವರು, ಹೊಸ ಲ್ಯಾಪ್‌ಟಾಪಿನಲ್ಲಿ ತಾನಾಗಿ ಬಂದ ಆ್ಯಪಿಗೆ ಗುಪ್ತಪದ ಕೊಟ್ಟು ಆ ಉದ್ದೇಶವನ್ನೇ ಕಳೆದುಕೊಂಡಂತಾಗುತ್ತದೆ.

ಹಾಗಾಗಿ ಅಭ್ಯಾಸಗಳ ಪಟ್ಟಿಯಲ್ಲಿ ಪ್ರತಿ ಯಂತ್ರದ ಮುಂದೆ ಔಟ್‌ಲುಕ್‌ನ ಆವೃತ್ತಿ, ಕ್ಲಾಸಿಕ್ ಹೌದೇ ಅಲ್ಲವೇ ಎಂಬುದನ್ನು ನಮೂದಿಸಿ. ಕ್ಲಾಸಿಕ್ ಔಟ್‌ಲುಕ್‌ಗೆ ಕನಿಷ್ಠ 2029ರವರೆಗೆ ಬೆಂಬಲವಿರುತ್ತದೆಂದು ಮೈಕ್ರೋಸಾಫ್ಟ್ ಹೇಳಿದೆ. ಅಂದರೆ ಇಂದು ಔಟ್‌ಲುಕ್‌ಗೆ ಹೊಂದಿಸಿ ಕಟ್ಟುವ ಯಾವುದೇ ವ್ಯವಸ್ಥೆಗೆ ಒಂದು ಅವಧಿಯಿದೆ. ಆ ಅವಧಿಯೊಳಗೆ ಜನರನ್ನು ನಿಧಾನವಾಗಿ ಬೇರೆ ಮೇಲ್ ತಂತ್ರಾಂಶಕ್ಕೆ ಒಗ್ಗಿಸುವ ಸರ್ವರನ್ನೇ ಆರಿಸಬೇಕು ಎಂಬುದು ನನ್ನ ಅಭಿಪ್ರಾಯ. ಔಟ್‌ಲುಕ್ ಹೋದ ದಿನ ಯಾವ ಸರ್ವರಿಗೆ ಬೆಲೆಯೇ ಇರುವುದಿಲ್ಲವೋ ಅದಕ್ಕೆ ಹಣ ಸುರಿಯಬಾರದು.

ಯಾವ ಕಚೇರಿಗೆ ಯಾವುದು

ಹಂಚಿಕೆಯ ಕ್ಯಾಲೆಂಡರನ್ನು ಔಟ್‌ಲುಕ್ ಒಳಗೇ ಬಳಸಲೇಬೇಕೆನ್ನುವವರು ಹೆಚ್ಚಿದ್ದರೆ ಆಸ್ಟ್ರಿಯಾದಲ್ಲಿ ರೂಪುಗೊಂಡ ಗ್ರೋಮ್ಯೂನಿಯೊವನ್ನು ಮೊದಲು ಪರೀಕ್ಷಿಸಿ. ಅದು ಮ್ಯಾಪಿಯನ್ನೂ ಆಕ್ಟಿವ್‌ಸಿಂಕ್ ಅನ್ನೂ ಬಲ್ಲದು, ಪ್ಲಗಿನ್ ಬೇಡ. ಮಂಗಳೂರಿನಲ್ಲಿ ಅದನ್ನು ಬಲ್ಲ ತಂತ್ರಜ್ಞರು ಬೆರಳೆಣಿಕೆಯಷ್ಟೂ ಸಿಗಲಿಕ್ಕಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ತಯಾರಕರ ಬೆಂಬಲದ ಚಂದಾವನ್ನೂ ಲೆಕ್ಕಕ್ಕೆ ಸೇರಿಸಿ.

ಪ್ರತಿಯೊಬ್ಬರಿಗೂ ತಮ್ಮ ಕ್ಯಾಲೆಂಡರ್ ಔಟ್‌ಲುಕ್‌ನಲ್ಲಿ, ಕೆಲವರಿಗೆ ಮಾತ್ರ ಹಂಚಿಕೆ ವೆಬ್‌ನಲ್ಲಿ ಎಂದಾದರೆ ಸೋಗೋ ಸಾಕು. ನಮ್ಮ ಕರಾವಳಿಯ ಬಹುಪಾಲು ಸಣ್ಣ ಕಚೇರಿಗಳು ಈ ವರ್ಗಕ್ಕೇ ಸೇರುತ್ತವೆ. ಸೋಗೋವನ್ನು ಬಿಡಿಯಾಗಿ ಜೋಡಿಸುವ ಬದಲು ಮೇಲ್‌ಕೌ ಎಂಬ ಕಟ್ಟಿನಲ್ಲಿ ತೆಗೆದುಕೊಂಡರೆ ಪತ್ರ ಸಾಗಿಸುವ ಪೋಸ್ಟ್‌ಫಿಕ್ಸ್, ಪತ್ರ ಕಾಯ್ದಿಡುವ ಡವ್‌ಕಾಟ್, ಸ್ಪ್ಯಾಮ್ ತಡೆಯುವ ಆರ್‌ಸ್ಪ್ಯಾಮ್‌ಡಿ ಎಲ್ಲವೂ ಡಾಕರ್ ಎಂಬ ಸಿದ್ಧಪೆಟ್ಟಿಗೆಯಂಥ ವ್ಯವಸ್ಥೆಯಲ್ಲಿ ಒಟ್ಟಿಗೆ ಬರುತ್ತವೆ. ಯಂತ್ರಕ್ಕೆ ಕನಿಷ್ಠ 6 ಜಿಬಿ ಮೆಮೊರಿ ಇರಲಿ. ಎರಡು ವಿಷಯ ತಿಳಿದಿರಬೇಕು. ಸೋಗೋದ ಆಕರ ಮುಕ್ತವಾಗಿದ್ದರೂ, ಸ್ಥಿರ ಆವೃತ್ತಿಯ ಸಿದ್ಧ ಪ್ಯಾಕೇಜುಗಳು ಬೆಂಬಲಕ್ಕೆ ಹಣ ಕೊಟ್ಟವರಿಗೆ ಮಾತ್ರ, ಉಳಿದವರಿಗೆ ದಿನವಹಿ ಕಟ್ಟಿದ ಪ್ಯಾಕೇಜುಗಳು. ಇನ್ನು, ಆಕ್ಟಿವ್‌ಸಿಂಕ್ ಮೈಕ್ರೋಸಾಫ್ಟ್‌ನ ಸ್ವತ್ತಾದ್ದರಿಂದ ಅದನ್ನು ದೈನಂದಿನ ವ್ಯವಹಾರದಲ್ಲಿ ಬಳಸಲು ಮೈಕ್ರೋಸಾಫ್ಟ್‌ನಿಂದ ಪರವಾನಗಿ ಪಡೆಯಬೇಕೆಂದು ಸೋಗೋದ ಕೈಪಿಡಿಯೇ ಹೇಳುತ್ತದೆ. ಬಹುತೇಕರು ಆ ಸಾಲನ್ನು ಓದುವುದೇ ಇಲ್ಲ. ಓದಿ, ನಿಮ್ಮ ಲೆಕ್ಕಪರಿಶೋಧಕರ ಅಥವಾ ವಕೀಲರ ಕಿವಿಗೆ ಹಾಕಿ ಮುಂದುವರಿಯಿರಿ.

ನೆಕ್ಸ್ಟ್‌ಕ್ಲೌಡ್ ಬಗ್ಗೆ ಒಂದು ತಪ್ಪು ತಿಳಿವಳಿಕೆಯಿದೆ: ಅದು ಮೇಲ್ ಸರ್ವರ್ ಅಲ್ಲ. ಕಡತ, ಕ್ಯಾಲೆಂಡರ್, ವಿಳಾಸಪಟ್ಟಿಗಳನ್ನು ಅದು ಅಚ್ಚುಕಟ್ಟಾಗಿ ನಿಭಾಯಿಸುತ್ತದೆ. ಪತ್ರಗಳಿಗೆ ಅದರಲ್ಲಿರುವುದು ಬೇರೆಡೆಯ ಐಮ್ಯಾಪ್ ಖಾತೆಯನ್ನು ತೋರಿಸುವ ಕಿಟಕಿ ಮಾತ್ರ. ಈಗಿರುವ ಐಮ್ಯಾಪ್ ಸೇವೆ ತೃಪ್ತಿಕರವಾಗಿದ್ದು, ಕ್ಯಾಲೆಂಡರ್ ಮತ್ತು ಕಡತ ಹಂಚಿಕೆಯಷ್ಟೇ ಕೊರತೆಯಾಗಿದ್ದರೆ, ಪತ್ರವ್ಯವಸ್ಥೆಯನ್ನು ಮುಟ್ಟದೆ ನೆಕ್ಸ್ಟ್‌ಕ್ಲೌಡ್ ಸೇರಿಸಿ, ನಾಲ್ಕು ಔಟ್‌ಲುಕ್‌ಗಳಿಗೆ ಪ್ಲಗಿನ್ ಹಾಕುವುದು ಅತ್ಯಂತ ಕಡಿಮೆ ಅಪಾಯದ ದಾರಿ.

ಜಿಂಬ್ರಾದ ಹೆಸರು ನಮ್ಮಲ್ಲಿ ಬಹಳ ಪರಿಚಿತ. ಆದರೆ ಅದರ 8.8.15 ಆವೃತ್ತಿಯ ಆಯುಷ್ಯ 2023ರ ಡಿಸೆಂಬರಿಗೆ ಮುಗಿಯಿತು, 9ನೇ ಆವೃತ್ತಿಯಿಂದ ಮುಕ್ತ ಆವೃತ್ತಿಯ ಸಿದ್ಧ ಪ್ಯಾಕೇಜನ್ನು ಕಂಪನಿ ಕೊಡುವುದನ್ನು ನಿಲ್ಲಿಸಿತು. ಅದಕ್ಕಿಂತ ಮುಖ್ಯವಾಗಿ, ಔಟ್‌ಲುಕ್ ಜೋಡಿಸುವ ಕನೆಕ್ಟರ್ ಮತ್ತು ಆಕ್ಟಿವ್‌ಸಿಂಕ್ ಎರಡೂ ಮೊದಲಿನಿಂದಲೂ ಹಣ ಕೊಡುವ ಆವೃತ್ತಿಯಲ್ಲಿ ಮಾತ್ರ ಇದ್ದವು. ನೆದರ್ಲೆಂಡ್ಸ್‌ನ ಜರಾಫಾದಲ್ಲಿಯೂ ಹೀಗೆಯೇ: ಸರ್ವರ್ ಮುಕ್ತ, ಔಟ್‌ಲುಕ್‌ನೊಳಗೆ ಹಾಕುವ ಭಾಗ ಖಾಸಗಿ, ಉಚಿತ ಆವೃತ್ತಿಯಲ್ಲಿ ಮೂರು ಔಟ್‌ಲುಕ್ ಬಳಕೆದಾರರಿಗಷ್ಟೇ ಅವಕಾಶ. ಅದರಿಂದ ಕವಲೊಡೆದ ಕೋಪಾನೋ ಆ ಔಟ್‌ಲುಕ್ ಭಾಗವನ್ನು ಮುಂದೆ ಕೈಬಿಟ್ಟಿತು. ಆದ್ದರಿಂದ ಮಾರಾಟಗಾರರು ‘ಓಪನ್ ಸೋರ್ಸ್’ ಎಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಔಟ್‌ಲುಕ್‌ಗೆ ತಾಗುವ ಭಾಗವೂ ಮುಕ್ತವೇ? ‘ಅದೊಂದು ಬಿಟ್ಟು’ ಎಂಬ ಉತ್ತರ ಬಂದರೆ, ನೀವು ಕೊಳ್ಳುತ್ತಿರುವುದು ಖಾಸಗಿ ತಂತ್ರಾಂಶವನ್ನೇ ಎಂದು ತಿಳಿದು ಬೆಲೆ ಮಾತನಾಡಿ.

ಸರ್ವರ್ ಎಲ್ಲಿರಬೇಕು, ಯಾರ ಕೈಯಲ್ಲಿರಬೇಕು

ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ ಕಚೇರಿಯಲ್ಲೇ ಇಡುವ ಆಸೆ ಸಹಜ. ಮೇಲ್ ಸರ್ವರಿನ ಮಟ್ಟಿಗೆ ಇದನ್ನು ನಾನು ಸಲಹೆ ಮಾಡುವುದಿಲ್ಲ. ಮಳೆಗಾಲದ ವಿದ್ಯುತ್ ಕಡಿತ, ಮಳೆಗಾಲದ ಹಿಂದುಮುಂದಿನ ಗುಡುಗು ಸಿಡಿಲು, ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿಯುವ ಸಂಪರ್ಕಗಳು ಒಂದು ಕಡೆ. ಇನ್ನೊಂದು ಕಡೆ, ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಸ್ಥಿರ ಐಪಿ ವಿಳಾಸ, ಅದಕ್ಕೆ ಡೊಮೇನಿನ ಹೆಸರು ತೋರಿಸುವ ಹಿಮ್ಮುಖ ಡಿಎನ್ಎಸ್ ದಾಖಲೆ, ಸರ್ವರುಗಳ ನಡುವೆ ಪತ್ರ ಸಾಗುವ 25ನೇ ಪೋರ್ಟ್ (ಸಂಪರ್ಕದ್ವಾರ) ತೆರೆದಿರುವುದು ಇವು ಮೂರೂ ಒಟ್ಟಿಗೆ ದೊರೆಯುವುದು ಕಷ್ಟ. ಇವಿಲ್ಲದೆ ಕಳುಹಿಸಿದ ಪತ್ರ ಜಿಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ ಅಥವಾ ಬಾಗಿಲಿನಿಂದಲೇ ಹಿಂದಿರುಗುತ್ತದೆ. ಮುಂಬೈಯ ಅಥವಾ ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಬಾಡಿಗೆಯ ವರ್ಚುವಲ್ ಸರ್ವರ್ ಪಡೆಯಿರಿ, ಆ ಕಂಪನಿ 25ನೇ ಪೋರ್ಟನ್ನು ತೆರೆದುಕೊಡುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ. ಕೊಡದಿದ್ದರೆ ಹೊರಹೋಗುವ ಪತ್ರಗಳನ್ನು ತಲುಪಿಸಿಕೊಡುವ ರಿಲೇ ಸೇವೆಯೊಂದನ್ನು ಕೊಳ್ಳಬೇಕಾಗುತ್ತದೆ. ಪತ್ರ ನಿಜಕ್ಕೂ ನಿಮ್ಮ ಡೊಮೇನಿನದೇ ಎಂದು ದೃಢಪಡಿಸಲು ನೆರವಾಗುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು ಮೊದಲ ದಿನವೇ ಹಾಕಿ. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಸಣ್ಣವರಿಗೂ ಸಡಿಲ ಬಿಡುತ್ತಿಲ್ಲ.

ಡೊಮೇನ್ ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಹತ್ತು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಡೊಮೇನ್ ಇದ್ದು, ಆತ ಈಗ ಕುವೈತಿನಲ್ಲಿದ್ದು, ಗುಪ್ತಪದ ಅವನ ಹಳೆಯ ಫೋನ್ ಸಂಖ್ಯೆಗೆ ಬೆಸೆದಿರುವ ಪ್ರಕರಣಗಳು ನಮ್ಮೂರಿನಲ್ಲಿ ವಿರಳವಲ್ಲ. ಸರ್ವರಿನ ಮೂಲ ಗುಪ್ತಪದ ಇಬ್ಬರ ಬಳಿಯಾದರೂ ಇರಬೇಕು, ಒಂದು ಪ್ರತಿ ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿರಬೇಕು.

ಕಾನೂನಿನ ಎರಡು ಅಂಶಗಳು ಸಂಗ್ರಹದ ಗಾತ್ರವನ್ನು ನಿರ್ಧರಿಸುತ್ತವೆ. ಕೇಂದ್ರ ಜಿಎಸ್‌ಟಿ (ಸಿಜಿಎಸ್‌ಟಿ) ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕದ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಕಾಪಾಡಬೇಕು. ಬಿಲ್ಲುಗಳು ಇಮೇಲಿನಲ್ಲೇ ಓಡಾಡುವ ಕಚೇರಿಗೆ ಪತ್ರಗಳೂ ಅಷ್ಟು ಕಾಲ ಕೈಗೆ ಸಿಗುವಂತಿರುವುದು ಕ್ಷೇಮ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸರ್ವರಿನ ಲಾಗ್‌ಗಳನ್ನು (ಚಟುವಟಿಕೆಯ ದಾಖಲೆಗಳನ್ನು) 180 ದಿನ ಇಟ್ಟುಕೊಳ್ಳಬೇಕು, ಸೈಬರ್ ದಾಳಿಯಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಆರು ಗಂಟೆಯೆಂದರೆ, ಶನಿವಾರ ರಾತ್ರಿ ಫೋನ್ ಎತ್ತುವವರೊಬ್ಬರು ಬೇಕೆಂದರ್ಥ. ಅಂಥವರಿಲ್ಲದ, ಐದಾರು ಮಂದಿಯ ಕಚೇರಿ ಸ್ವಂತ ಸರ್ವರ್ ಕಟ್ಟದೆ, ಇದೇ ಮುಕ್ತ ತಂತ್ರಾಂಶಗಳನ್ನು ನಡೆಸಿಕೊಡುವ ಸೇವಾದಾರರಲ್ಲಿ ಖಾತೆ ತೆಗೆದುಕೊಳ್ಳುವುದೇ ವಿವೇಕ. ಬೇಡವೆನಿಸಿದ ದಿನ ಪತ್ರಗಳನ್ನು ಐಮ್ಯಾಪ್‌ನಲ್ಲೂ, ಕ್ಯಾಲೆಂಡರನ್ನು ಪ್ರಮಾಣಿತ ಕಡತವಾಗಿಯೂ ಎತ್ತಿಕೊಂಡು ಹೊರಡುವ ಅವಕಾಶ ಅಲ್ಲಿಯೂ ಉಳಿದಿರುತ್ತದೆ.

ಕನ್ನಡ ಪತ್ರಗಳಿದ್ದರೆ

ಗಣಕದ ಕನ್ನಡ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ. ಪಿ. ರಾವ್ ಮಂಗಳೂರಿನ ಸಮೀಪದ ಕಿನ್ನಿಕಂಬಳದವರು; ಹಾಗಿದ್ದೂ ಇಲ್ಲಿನ ಕಚೇರಿಗಳ ಹಳೆಯ ಕನ್ನಡ ಪತ್ರಗಳ ಪಾಡು ಚೆನ್ನಾಗಿಲ್ಲ. ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದ ಪತ್ರಗಳಲ್ಲಿ ಒಳಗಿರುವುದು ರೋಮನ್ ಚಿಹ್ನೆಗಳು; ಫಾಂಟ್ ಇರುವ ಔಟ್‌ಲುಕ್‌ನಲ್ಲಿ ಅವು ಕನ್ನಡವಾಗಿ ಕಾಣುತ್ತಿದ್ದವು. ವೆಬ್‌ಮೇಲ್‌ಗೆ ಸಾಗಿಸಿದಾಗ ಅವು ಅರ್ಥವಿಲ್ಲದ ಅಕ್ಷರಗಳ ಗೊಂಚಲಾಗುತ್ತವೆ, ಹುಡುಕಿದರೆ ಸಿಗುವುದೂ ಇಲ್ಲ. ಸಹಕಾರ ಸಂಘ, ದೇವಸ್ಥಾನ, ಪಂಚಾಯತಿಗಳೊಂದಿಗೆ ಪತ್ರವ್ಯವಹಾರವಿರುವ ಕಚೇರಿಗಳು ಮುಖ್ಯವಾದ ಪತ್ರಗಳನ್ನು ಸಾಗಿಸುವ ಮೊದಲೇ ಪಿಡಿಎಫ್ ಮಾಡಿಟ್ಟುಕೊಳ್ಳಲಿ ಅಥವಾ ಪರಿವರ್ತಕದಿಂದ ಯುನಿಕೋಡ್‌ಗೆ ತಿರುಗಿಸಲಿ. ಹೊಸ ಸರ್ವರಿನಲ್ಲಿ ಕನ್ನಡ ಹೆಸರಿನ ಫೋಲ್ಡರ್ ಮಾಡಿ, ಕನ್ನಡ ಪದವೊಂದನ್ನು ಹುಡುಕಿ ನೋಡಿ. ಕಡತಗಳ ಹೆಸರು ತೀರ ಉದ್ದವಾಗದಿರಲಿ: ಲಿನಕ್ಸ್‌ನಲ್ಲಿ ಹೆಸರಿಗೆ 255 ಬೈಟ್ ಮಿತಿಯಿದೆ, ಕನ್ನಡದ ಪ್ರತಿ ಸಂಕೇತ 3 ಬೈಟ್ ನುಂಗುತ್ತದೆ, ಒತ್ತಕ್ಷರಗಳಲ್ಲಿ ಅಂಥ ಸಂಕೇತಗಳು ಮೂರು ನಾಲ್ಕಿರುತ್ತವೆ.

ಪರೀಕ್ಷೆ ಮತ್ತು ಸಾಗಣೆ

ಎರಡು ತಂತ್ರಾಂಶಗಳಿಗೆ ಆಯ್ಕೆಯನ್ನು ಇಳಿಸಿಕೊಂಡ ಮೇಲೆ ಬೇರೊಂದು ಉಪಡೊಮೇನಿನಲ್ಲಿ ಎರಡನ್ನೂ ಸ್ಥಾಪಿಸಿ, ಔಟ್‌ಲುಕ್ ಬಿಡಲೊಲ್ಲದ ಆ ನಾಲ್ವರಿಗೇ ಮೊದಲು ಕೊಡಿ. ತಂತ್ರಜ್ಞರು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ದುಬೈಯ ಗ್ರಾಹಕರಿಗೆ ಬೆಳಿಗ್ಗೆ 11 ಗಂಟೆಯ ಸಭೆಯ ಆಹ್ವಾನ ಕಳುಹಿಸಿ, ಅಲ್ಲಿ 9.30 ಎಂದು ಕಾಣಿಸಿತೇ, ಅವರು ಒಪ್ಪಿಕೊಂಡದ್ದು ಇಲ್ಲಿನ ಕ್ಯಾಲೆಂಡರಿನಲ್ಲಿ ದಾಖಲಾಯಿತೇ ಎಂದು ನೋಡಿ. ಪ್ರತಿ ಸೋಮವಾರದ ಸಭೆಯೊಂದನ್ನು ಮಾಡಿ, ಅದರಲ್ಲಿ ಒಂದು ಸೋಮವಾರವನ್ನು ಮಾತ್ರ ಮಂಗಳವಾರಕ್ಕೆ ಸರಿಸಿ. ಪ್ಲಗಿನ್‌ಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಔಟ್‌ಲುಕ್‌ನ ರಿಚ್ ಟೆಕ್ಸ್ಟ್ ರೂಪದಲ್ಲಿ ಲಗತ್ತಿನೊಂದಿಗೆ ಪತ್ರ ಕಳುಹಿಸಿ. ಎದುರಿನವರಿಗೆ ವಿನ್‌ಮೇಲ್ ಡಾಟ್ ಡ್ಯಾಟ್ ಎಂಬ ತೆರೆಯಲಾಗದ ಕಡತ ಹೋದರೆ ಎಲ್ಲ ಯಂತ್ರಗಳಲ್ಲೂ ರೂಪವನ್ನು ಎಚ್‌ಟಿಎಂಎಲ್‌ಗೆ ಬದಲಿಸಿ. ಟ್ಯಾಲಿ, ಸ್ಕ್ಯಾನರ್, ಮೇಲ್ ಮರ್ಜ್ ಮೂರನ್ನೂ ಪರೀಕ್ಷಾ ಖಾತೆಯಿಂದ ನಡೆಸಿ. ಬ್ಯಾಕಪ್‌ನಿಂದ ಒಂದು ಪೂರ್ತಿ ಖಾತೆಯನ್ನು ಮರಳಿ ತರುವ ಅಭ್ಯಾಸವನ್ನೂ ಈ ಹಂತದಲ್ಲೇ ಮಾಡಬೇಕು. ಒಮ್ಮೆಯೂ ಮರಳಿ ತಂದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಐಮ್ಯಾಪ್‌ನಿಂದ ಐಮ್ಯಾಪ್‌ಗೆ ಪತ್ರಗಳನ್ನು ಸಾಗಿಸಲು ಐಮ್ಯಾಪ್‌ಸಿಂಕ್ ಉತ್ತಮ. ಎಷ್ಟು ಬಾರಿ ಓಡಿಸಿದರೂ ಹೊಸ ಪತ್ರಗಳನ್ನಷ್ಟೇ ಒಯ್ಯುತ್ತದೆ. ಪಿಎಸ್‌ಟಿಗಳನ್ನು ಸಣ್ಣ ಪ್ರಮಾಣದಲ್ಲಿ ಔಟ್‌ಲುಕ್ ಒಳಗಿನಿಂದಲೇ ಎಳೆದು ಹೊಸ ಖಾತೆಗೆ ಹಾಕಬಹುದು, ದೊಡ್ಡವನ್ನು ಲಿನಕ್ಸ್‌ನ ರೀಡ್‌ಪಿಎಸ್‌ಟಿ ಎಂಬ ಸಲಕರಣೆಯಿಂದ ಬಿಡಿಸಬಹುದು. ಪತ್ರಗಳೆಲ್ಲ ಸೇರಿದ ಮೇಲೆ ಪತ್ರಗಳು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಡೊಮೇನಿನ ಎಂಎಕ್ಸ್ ದಾಖಲೆಯನ್ನು ಹೊಸ ಸರ್ವರಿಗೆ ತಿರುಗಿಸುವುದೇ ನಿಜವಾದ ಸ್ಥಳಾಂತರ. ಅದಕ್ಕೆ ಎರಡು ದಿನ ಮೊದಲು ಆ ದಾಖಲೆಯನ್ನು ಹೊರಗಿನವರು ನೆನಪಿಟ್ಟುಕೊಳ್ಳುವ ಅವಧಿಯನ್ನು (ಟಿಟಿಎಲ್) ಐದು ನಿಮಿಷಕ್ಕೆ ಇಳಿಸಿಟ್ಟರೆ ತಪ್ಪಾದಲ್ಲಿ ಹಿಂದಿರುಗುವುದು ಸುಲಭ.

ದಿನ ಗೊತ್ತುಮಾಡುವಾಗ ಪಂಚಾಂಗದ ಜೊತೆಗೆ ತೆರಿಗೆಯ ತಿಥಿಗಳನ್ನೂ ನೋಡಬೇಕು. ತಿಂಗಳ 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಇರುವುದರಿಂದ 21ರ ನಂತರದ ಮೊದಲ ಶನಿವಾರ ಸಂಜೆ ಸೂಕ್ತ; ಮಾರ್ಚ್ ಮತ್ತು ಏಪ್ರಿಲ್ ಬೇಡ. ಮಲ್ಪೆ ಮತ್ತು ಮಂಗಳೂರು ದಕ್ಕೆಯ ಮೀನು ವ್ಯಾಪಾರದ ಸಂಸ್ಥೆಗಳಿಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಬಿಡುವಿರುತ್ತದೆ. ಸರ್ವರ್ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವುದರಿಂದ ಆಗಿನ ಮಳೆಗೆ ಅದು ಅಂಜಬೇಕಾಗಿಲ್ಲ, ಕಚೇರಿಯ ರೌಟರಿಗೊಂದು ಯುಪಿಎಸ್ ಇದ್ದರಾಯಿತು. ಹಳೆಯ ಖಾತೆಗಳನ್ನು ಮುಂದಿನ ಮೂರು ತಿಂಗಳು ಮುಚ್ಚಬೇಡಿ. ಹಳೆಯ ಪಿಎಸ್‌ಟಿಗಳನ್ನು ಓದಲಷ್ಟೇ ಬರುವಂತೆ ಮಾಡಿ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ ನಕಲಿಸಿ, ಒಂದನ್ನು ಕಚೇರಿಯಲ್ಲೂ ಇನ್ನೊಂದನ್ನು ಯಜಮಾನರ ಮನೆಯಲ್ಲೂ ಇಡಿ.